ಲಯನೆಲ್ ರೈಲಿನ ಮೂರನೆಯ ಹಳಿ

ಪ್ರಶ್ನೆ: ನಿಜವಾದ ರೈಲು ಎರಡು ಹಳಿಗಳ ಮೇಲೆ ಓಡುತ್ತದೆ. ಅಮೆರಿಕದ ಲಯನೆಲ್ ಆಟಿಕೆ ರೈಲಿಗೆ ಮೂರು ಹಳಿಗಳೇಕೆ? ಆ ಕಂಪನಿ ಹುಟ್ಟಿದ್ದು ಹೇಗೆ?

ಉತ್ತರ: ಮೊದಲು ಕಂಪನಿಯ ವಿಷಯ. 1877ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಜೋಶುವಾ ಲಯನೆಲ್ ಕೋವೆನ್ ಅವರನ್ನು ಸೆಳೆದದ್ದು ರೈಲಿಗಿಂತ ಹೆಚ್ಚಾಗಿ ವಿದ್ಯುತ್ತು. ಅಮೆರಿಕದ ನೌಕಾಪಡೆಗೆ ಸ್ಫೋಟಕಗಳ ಫ್ಯೂಸ್ ತಯಾರಿಸಿಕೊಟ್ಟಿದ್ದ ಅವರು, 1900ರಲ್ಲಿ ಹ್ಯಾರಿ ಗ್ರಾಂಟ್ ಎಂಬವರೊಡನೆ ಸೇರಿ ಸ್ಥಾಪಿಸಿದ ಕಂಪನಿಗೆ ತಮ್ಮ ಹೆಸರಿನ ನಡುವಣ ಭಾಗವನ್ನೇ ಇಟ್ಟರು. 1901ರ ಅವರ 'ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್' ನೋಡಲು ರೈಲಿನಂತೆಯೇ ಇರಲಿಲ್ಲ. ಅದು ಅಡಿಯಲ್ಲಿ ಪುಟ್ಟ ಮೋಟಾರು ಕೂರಿಸಿದ, ಮೇಲೆ ತೆರೆದ ಮರದ ಪೆಟ್ಟಿಗೆಯಷ್ಟೇ. ಅಂಗಡಿಯ ಗಾಜಿನ ಕಿಟಕಿಯೊಳಗೆ ಸರಕನ್ನು ಹೊತ್ತು ಸುತ್ತುತ್ತ ದಾರಿಹೋಕರ ಗಮನ ಸೆಳೆಯಲೆಂದು ಅದನ್ನು ಮಾಡಿದ್ದರು. ಆದರೆ ಗಿರಾಕಿಗಳು ಸರಕನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರು. ಮರುವರ್ಷವೇ ಟ್ರಾಲಿ (ಬೀದಿ ಟ್ರಾಮ್) ಮಾದರಿಯ ಬಂಡಿಯೂ ಕಂಪನಿಯ ಕ್ಯಾಟಲಾಗೂ ಹೊರಬಂದವು.

ಆ ಮೊದಲ ಬಂಡಿಗಳಿಗೆ ಎರಡೇ ಹಳಿಗಳಿದ್ದವು. ಉಕ್ಕಿನ ತೆಳು ಪಟ್ಟಿಗಳನ್ನು ಮರದ ಸ್ಲೀಪರುಗಳ ಸೀಳಿನಲ್ಲಿ ಒಂದೊಂದಾಗಿ ಸಿಕ್ಕಿಸಿ, ಬ್ಯಾಟರಿಗೆ ಜೋಡಿಸಬೇಕಿತ್ತು. ಮೂರನೆಯ ಹಳಿ ಬಂದದ್ದು 1906ರಲ್ಲಿ, ಸಿದ್ಧ ತುಂಡುಗಳಾಗಿ ಮಾರಾಟವಾದ ಹೊಸ ಹಳಿಯೊಂದಿಗೆ.

ಕಾರಣ ಸರಳವಾಗಿದೆ. ವಿದ್ಯುತ್ತು ಮೋಟಾರಿಗೆ ಒಂದು ದಾರಿಯಲ್ಲಿ ಬಂದು ಇನ್ನೊಂದರಲ್ಲಿ ಮರಳಬೇಕು. ಎರಡು ಹಳಿಗಳೇ ಆ ಎರಡು ದಾರಿಗಳಾದರೆ, ಲೋಹದ ಅಚ್ಚಿನಲ್ಲಿ ಕೂಡಿದ ಲೋಹದ ಗಾಲಿಗಳು ಅವೆರಡನ್ನೂ ಬೆಸೆದು ಶಾರ್ಟ್ ಸರ್ಕ್ಯೂಟ್ ಮಾಡುತ್ತವೆ. ಆದ್ದರಿಂದ ಗಾಲಿಗಳಿಗೆ ವಿದ್ಯುತ್ ನಿರೋಧಕ ಅಳವಡಿಸಲೇಬೇಕು. ಅಷ್ಟು ಮಾಡಿದರೂ, ರೈಲು ಸುತ್ತುಹಾಕಿ ಬಂದು ಹೊರಟ ಹಳಿಗೇ ಎದುರುಮುಖವಾಗಿ ಸೇರುವಂತೆ ಮಾರ್ಗ ಜೋಡಿಸಿದರೆ ಎಡಹಳಿ ಬಲಹಳಿಯನ್ನು ಮುಟ್ಟಿ ಅದೇ ತೊಂದರೆ ಮರಳುತ್ತದೆ. ನಡುಹಳಿಯಲ್ಲಿ ವಿದ್ಯುತ್ತು ಬಂದು ಹೊರಗಿನ ಎರಡರಲ್ಲೂ ಮರಳುವ ವ್ಯವಸ್ಥೆಯಲ್ಲಿ ಈ ಎರಡೂ ತೊಡಕುಗಳಿಲ್ಲ. ನೋಟದಲ್ಲಿ ನೈಜತೆ ಕುಂದಿತು, ನಿಜ. ಆದರೆ ಮಕ್ಕಳು ಹೇಗೆ ಜೋಡಿಸಿದರೂ ರೈಲು ಓಡಬೇಕೆಂಬ ದೃಷ್ಟಿಯಿಂದ ಅದು ಜಾಣತನದ ಆಯ್ಕೆಯೇ ಆಗಿತ್ತು.

ಹೊರಗಿನ ಎರಡು ಹಳಿಗಳ ನಡುವೆ ಸುಮಾರು 54 ಮಿಲಿಮೀಟರ್ ಅಂತರವಿದ್ದ ಆ ಮಾರ್ಗಕ್ಕೆ ಕಂಪನಿ 'ಸ್ಟ್ಯಾಂಡರ್ಡ್ ಗೇಜ್' ಎಂದು ಹೆಸರಿಟ್ಟಿತು. ಆಗ ಬೇರೆ ಯಾರೂ ಬಳಸದಿದ್ದ ಅಳತೆಯನ್ನು ಹೀಗೆ ಕರೆದದ್ದು ಧಾರ್ಷ್ಟ್ಯವೇ ಸರಿ, ಆದರೂ ವ್ಯಾಪಾರದಲ್ಲಿ ಅದು ಫಲಿಸಿತು: ಮುಂದೆ ಅದೇ ಅಳತೆಯ ರೈಲು ತಯಾರಿಸಿದ ಪ್ರತಿಸ್ಪರ್ಧಿಗಳು 'ವೈಡ್ ಗೇಜ್' ಎಂಬ ಬೇರೆ ಹೆಸರು ಹುಡುಕಿಕೊಳ್ಳಬೇಕಾಯಿತು. 1915ರಲ್ಲಿ ಲಯನೆಲ್ ಸುಮಾರು 32 ಮಿಲಿಮೀಟರಿನ ಚಿಕ್ಕದಾದ 'ಓ' ಗೇಜ್ ರೈಲುಗಳನ್ನೂ ಹೊರತಂದಿತು. ಅವುಗಳಿಗೂ ನಡುಹಳಿ ಇತ್ತು.