ಬೇಸ್‌ಬಾಲ್ ಸೀಸನ್ ಶುರುವಾಗುವ ಮುಂಚೆ ಯಾವ ತಂಡ ಎಷ್ಟು ಪಂದ್ಯ ಗೆಲ್ಲುತ್ತದೆ ಎಂದು ಅಂದಾಜು ಮಾಡುವುದು ಹೇಗೆ?

ಪ್ರಶ್ನೆ: ಸ್ಯಾನ್ ಹೋಸೆಯ ನಮ್ಮ ಆಫೀಸಿನಲ್ಲಿ ಪ್ರತಿ ಮಾರ್ಚ್‌ನಲ್ಲಿ ಎಲ್ಲರೂ ಮೇಜರ್ ಲೀಗ್‌ನ 30 ತಂಡಗಳು ಎಷ್ಟೆಷ್ಟು ಗೆಲ್ಲುತ್ತವೆ ಎಂದು ಬರೆದಿಡುತ್ತಾರೆ. ಸೀಸನ್ ಮುಗಿದ ಮೇಲೆ ಯಾರ ಪಟ್ಟಿ ನಿಜಕ್ಕೆ ಹತ್ತಿರವಿದೆಯೋ ಅವರು ಗೆದ್ದಂತೆ, ದುಡ್ಡಿನ ವ್ಯವಹಾರ ಇಲ್ಲ. ನನಗೆ ಕ್ರಿಕೆಟ್ ಚೆನ್ನಾಗಿ ಗೊತ್ತು, ಬೇಸ್‌ಬಾಲ್ ನಿಯಮಗಳೂ ಈಗ ಅರ್ಥವಾಗುತ್ತವೆ. ಕಳೆದ ವರ್ಷದ ಪಟ್ಟಿ ನೋಡಿ ಬರೆದರೆ ಸಾಕೇ?

ಉತ್ತರ:

ಸಾಲದು, ಆದರೆ ಆ ಪಟ್ಟಿಯನ್ನು ಪಕ್ಕಕ್ಕೆ ಎಸೆಯಲೂ ಬೇಡಿ. 2024ರ ಸೀಸನ್ನನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಯಾವ ತಂಡ ಎಷ್ಟು ಗೆದ್ದಿತ್ತೋ ಅದನ್ನೇ ಹಾಗೇ ನಕಲು ಮಾಡಿದ್ದರೆ, ತಂಡವೊಂದಕ್ಕೆ ಸರಾಸರಿ 9.3 ಗೆಲುವಿನಷ್ಟು ತಪ್ಪುತ್ತಿತ್ತು. ಏನೂ ಯೋಚಿಸದೆ 30 ತಂಡಗಳಿಗೂ 81 (162 ಪಂದ್ಯಗಳ ಅರ್ಧ) ಎಂದು ಬರೆದಿದ್ದರೂ ತಪ್ಪು ಅಷ್ಟೇ, 9.3. ಈಗ ಈ ಎರಡನ್ನೂ ಕೂಡಿಸಿ ಅರ್ಧ ಮಾಡಿ. 101 ಗೆದ್ದಿದ್ದ ಬಾಲ್ಟಿಮೋರ್‌ಗೆ 91, 50 ಗೆದ್ದಿದ್ದ ಓಕ್‌ಲ್ಯಾಂಡ್‌ಗೆ 65.5, ಹೀಗೆ. ತಪ್ಪು 7.9ಕ್ಕೆ ಇಳಿಯುತ್ತದೆ. ಬಾಲ್ಟಿಮೋರ್ ಆ ವರ್ಷ ಗೆದ್ದದ್ದು ಸರಿಯಾಗಿ 91, ಓಕ್‌ಲ್ಯಾಂಡ್ 69.

ಆಟಗಾರರ ಹೆಸರೂ ನೋಡದೆ, ಬರೀ ನಡುವಿಗೆ ಎಳೆದದ್ದರಿಂದ ಸಿಕ್ಕ ಲಾಭ ಇದು. ಮುಂದೆ ನೀವು ಏನೇ ಮಾಡಿದರೂ ಈ 7.9ಕ್ಕಿಂತ ಕೆಳಗೆ ಹೋಗುವುದಕ್ಕಾಗಿ ಮಾಡುತ್ತಿದ್ದೀರಿ ಎಂಬುದು ನೆನಪಿರಲಿ.

ಮೊದಲ ತಿದ್ದುಪಡಿ: ಗೆಲುವನ್ನು ಬಿಟ್ಟು ರನ್ ನೋಡಿ. ನೆಟ್ ರನ್ ರೇಟ್ ಗೊತ್ತಿರುವವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮತ್ತು ಚೆನ್ನೈ ತಲಾ 14 ಅಂಕಕ್ಕೆ ನಿಂತಾಗ ಇಡೀ ಕರ್ನಾಟಕ ಅದರ ಲೆಕ್ಕ ಹಾಕಿದೆ. ಐಪಿಎಲ್‌ನಲ್ಲಿ ಅದು ಅಂಕ ಸಮವಾದಾಗ ಮಾತ್ರ ಬೇಕಾಗುವ ಲೆಕ್ಕ. ಬೇಸ್‌ಬಾಲ್ ಅಂದಾಜಿನಲ್ಲಿ ಗಳಿಸಿದ ರನ್, ಬಿಟ್ಟುಕೊಟ್ಟ ರನ್‌ಗಳೇ ಮುಖ್ಯ ಸಾಕ್ಷಿ. ಬೇಸ್‌ಬಾಲ್ ಅಂಕಿಅಂಶಗಳ ತಜ್ಞ ಬಿಲ್ ಜೇಮ್ಸ್ ಅವರ ಸೂತ್ರ ಹೀಗಿದೆ: ಗಳಿಸಿದ ರನ್‌ನ ವರ್ಗವನ್ನು, ಗಳಿಸಿದ್ದರ ವರ್ಗ ಮತ್ತು ಬಿಟ್ಟುಕೊಟ್ಟದ್ದರ ವರ್ಗ ಎರಡರ ಮೊತ್ತದಿಂದ ಭಾಗಿಸಿ 162ರಿಂದ ಗುಣಿಸಿ. ವರ್ಗದ 2ರ ಬದಲು ಘಾತಾಂಕ 1.83 ಹಾಕಿದರೆ ಇನ್ನೂ ಸ್ವಲ್ಪ ನಿಖರ. ತಲೆಯಲ್ಲೇ ಮಾಡುವುದಾದರೆ 10 ರನ್ ವ್ಯತ್ಯಾಸಕ್ಕೆ 1 ಗೆಲುವು ಎಂದು 81ಕ್ಕೆ ಕೂಡಿಸಿ, ಕಳೆಯಿರಿ.

ಇದು ಎಷ್ಟು ಕೆಲಸ ಮಾಡುತ್ತದೆ ಎಂದು 2023ರ ಎರಡು ತಂಡಗಳಲ್ಲಿ ನೋಡಿ. ಸ್ಯಾನ್ ಡಿಯಾಗೊ ಪಾಡ್ರೇಸ್ 752 ರನ್ ಗಳಿಸಿ 648 ಬಿಟ್ಟುಕೊಟ್ಟಿತು. ಸೂತ್ರದ ಪ್ರಕಾರ 92 ಗೆಲುವು ಬರಬೇಕಿತ್ತು, ಬಂದದ್ದು 82. ಒಂದೇ ರನ್‌ನಲ್ಲಿ ತೀರ್ಮಾನವಾದ ಪಂದ್ಯಗಳಲ್ಲಿ ಅವರದು 9 ಗೆಲುವು, 23 ಸೋಲು. ಮಯಾಮಿ ಮಾರ್ಲಿನ್ಸ್ ಇದರ ತಿರುಗುಮುರುಗು: 666 ಗಳಿಸಿ 723 ಬಿಟ್ಟುಕೊಟ್ಟರೂ 84 ಗೆಲುವು, ಒಂದು ರನ್ ಪಂದ್ಯಗಳಲ್ಲಿ 33-14. ಪಟ್ಟಿಯಲ್ಲಿ ಮಯಾಮಿ ಮೇಲೆ, ಸ್ಯಾನ್ ಡಿಯಾಗೊ ಕೆಳಗೆ. ಒಂದು ರನ್ ಅಂತರದ ಪಂದ್ಯ ಗೆಲ್ಲುವುದು ಬಹುಪಾಲು ಆ ವರ್ಷದ ಅದೃಷ್ಟ, ಮರುವರ್ಷಕ್ಕೆ ಅದು ಜೊತೆಗೆ ಬರುವುದಿಲ್ಲ. 2024ರಲ್ಲಿ ಪಾಡ್ರೇಸ್ 93 ಗೆದ್ದರೆ ಮಾರ್ಲಿನ್ಸ್ 62ಕ್ಕೆ ಇಳಿಯಿತು.

ಹಾಗಂತ ಸೂತ್ರವೊಂದನ್ನೇ ನೆಚ್ಚಿಕೊಂಡರೆ ಅದೂ ಕೈ ಕೊಡುತ್ತದೆ. ಸಿಯಾಟಲ್ ಮ್ಯಾರಿನರ್ಸ್ 2021ರಲ್ಲಿ 51 ರನ್ ಹಿಂದಿದ್ದೂ 90 ಗೆದ್ದಿತು. ಮರುವರ್ಷ ಕುಸಿಯುತ್ತದೆ ಎಂದು ಬರೆದವರಿಗೆ ಮತ್ತೆ 90 ಎದುರಾಯಿತು. ಆದರೆ 2022ರ ಸಿಯಾಟಲ್ ಬೇರೆಯೇ ತಂಡ: ಹೂಲಿಯೊ ರೊಡ್ರಿಗೆಸ್ ಬಂದಿದ್ದ, ಪಿಚರ್ (ಚೆಂಡೆಸೆಯುವವ) ರಾಬಿ ರೇ ಸೇರಿದ್ದ, ಈ ಸಲ 690 ಗಳಿಸಿ 623 ಮಾತ್ರ ಬಿಟ್ಟುಕೊಟ್ಟಿತು. ಸೂತ್ರ ಹೇಳುವುದು ಹೋದ ವರ್ಷದ ತಂಡದ ಬಗ್ಗೆ. ಈ ವರ್ಷದ ತಂಡವನ್ನು ನೀವೇ ಕಟ್ಟಿ ನೋಡಬೇಕು, ಹೆಚ್ಚು ಶ್ರಮ ಕೇಳುವ ಭಾಗ ಅದು.

ತಂಡ ಕಟ್ಟುವುದಕ್ಕೆ ಮೊದಲು ಒಬ್ಬ ಆಟಗಾರನ ಅಂದಾಜು. ಅತಿ ಸರಳವಾದದ್ದು ಅಂಕಿಅಂಶ ವಿಶ್ಲೇಷಕ ಟಾಮ್ ಟ್ಯಾಂಗೊ ಅವರ ಮಾರ್ಸೆಲ್ ಪದ್ಧತಿ. ಬ್ಯಾಟರ್‌ಗೆ ಕಳೆದ ಮೂರು ವರ್ಷಗಳ ಅಂಕಿಗಳಿಗೆ 5, 4, 3ರ ತೂಕ. ಉದಾಹರಣೆಗೆ ಒಬ್ಬ ಕಳೆದ ವರ್ಷ 600 ಬ್ಯಾಟಿಂಗ್ ಸರದಿಯಲ್ಲಿ 30 ಹೋಮ್ ರನ್, ಅದರ ಹಿಂದಿನ ವರ್ಷ 600ರಲ್ಲಿ 20, ಅದಕ್ಕೂ ಹಿಂದೆ 500ರಲ್ಲಿ 16 ಹೊಡೆದಿದ್ದಾನೆ ಅನ್ನಿ. ತೂಕ ಹಾಕಿದರೆ ಹೋಮ್ ರನ್ 150+80+48, ಒಟ್ಟು 278. ಸರದಿಗಳು 3,000+2,400+1,500, ಒಟ್ಟು 6,900. ಇದಕ್ಕೆ ಲೀಗ್ ಸರಾಸರಿಯ ಆಟಗಾರನ 1,200 ಸರದಿಗಳನ್ನು ಬೆರೆಸಬೇಕು. ಲೀಗ್ ಸರಾಸರಿ ನೂರಕ್ಕೆ 3 ಎಂದಿಟ್ಟುಕೊಂಡರೆ 36 ಹೋಮ್ ರನ್. ಈಗ 8,100 ಸರದಿಗೆ 314. ಮುಂದಿನ ವರ್ಷ ಎಷ್ಟು ಸರದಿ? ಕಳೆದ ವರ್ಷದ್ದರಲ್ಲಿ ಅರ್ಧ, ಅದರ ಹಿಂದಿನದರಲ್ಲಿ ಹತ್ತನೇ ಒಂದು ಭಾಗ, ಮೇಲೆ 200: ಅಂದರೆ 560. ಲೆಕ್ಕ 21.7ಕ್ಕೆ ನಿಲ್ಲುತ್ತದೆ. ವಯಸ್ಸು 29ಕ್ಕಿಂತ ಕಡಿಮೆಯಿದ್ದರೆ ವರ್ಷಕ್ಕೆ ಶೇ. 0.6 ಕೂಡಿಸಿ, ಹೆಚ್ಚಿದ್ದರೆ ವರ್ಷಕ್ಕೆ ಶೇ. 0.3 ಕಳೆಯಿರಿ. 30 ಹೊಡೆದವನಿಗೆ 22 ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ, ಆದರೂ ಬರೆಯಿರಿ. ತಂಡಗಳನ್ನು 81ರ ಕಡೆಗೆ ಎಳೆದೆವಲ್ಲ, ಅದೇ ಕೆಲಸ ಇದು.

ನೂರಾರು ಆಟಗಾರರಿಗೆ ಹೀಗೆ ಕೈಯಲ್ಲಿ ಮಾಡುವ ಅಗತ್ಯವಿಲ್ಲ. ಫ್ಯಾನ್‌ಗ್ರಾಫ್ಸ್ ತಾಣದಲ್ಲಿ ಝಿಪ್ಸ್, ಸ್ಟೀಮರ್ ಎಂಬ ಎರಡು ಅಂದಾಜುಗಳಿವೆ, ಬೇಸ್‌ಬಾಲ್ ಪ್ರಾಸ್ಪೆಕ್ಟಸ್‌ನದು ಪೆಕೋಟಾ. ಒಂದನ್ನೇ ನಂಬುವ ಬದಲು ಎರಡರ ಸರಾಸರಿ ತೆಗೆದುಕೊಳ್ಳಿ. ಅಲ್ಲಿ ಪ್ರತಿ ಆಟಗಾರನಿಗೂ ವಾರ್ ಎಂಬ ಅಂಕಿ ಇರುತ್ತದೆ: ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಇವನು ಎಷ್ಟು ಗೆಲುವು ಹೆಚ್ಚು ತರುತ್ತಾನೆ ಎಂದು. ಬರೀ ಬದಲಿ ಆಟಗಾರರ ತಂಡ ಸುಮಾರು 48 ಪಂದ್ಯ ಗೆಲ್ಲುತ್ತದೆ ಎಂಬ ಲೆಕ್ಕ. ಆದ್ದರಿಂದ ತಂಡದ ಎಲ್ಲರ ವಾರ್ ಕೂಡಿಸಿ 48 ಸೇರಿಸಿದರೆ ನಿಮ್ಮ ಗೆಲುವಿನ ಅಂದಾಜು ಸಿದ್ಧ. ಸರಾಸರಿ ತಂಡದ ವಾರ್ 33ರ ಆಸುಪಾಸು ಇರುತ್ತದೆ.

ಹೊಸಬರ ಲೆಕ್ಕ ತಪ್ಪುವುದು ಪ್ರತಿಭೆಯ ವಿಷಯದಲ್ಲಲ್ಲ, ಯಾರು ಎಷ್ಟು ಆಡುತ್ತಾರೆ ಎಂಬಲ್ಲಿ. ಒಂದು ತಂಡಕ್ಕೆ ವರ್ಷಕ್ಕೆ ಸಿಗುವುದು ಸುಮಾರು 6,100 ಬ್ಯಾಟಿಂಗ್ ಸರದಿ, 1,440 ಇನ್ನಿಂಗ್ಸ್ ಪಿಚಿಂಗ್. ಎಕ್ಸೆಲ್‌ನಲ್ಲಿ ಈ ಎರಡು ಮೊತ್ತಗಳನ್ನು ಗಟ್ಟಿಯಾಗಿ ಕಟ್ಟಿಹಾಕಿ. ಒಂಬತ್ತು ಮಂದಿಗೂ 650 ಕೊಟ್ಟುಬಿಟ್ಟರೆ ಬೆಂಚಿನವರಿಗೆ ಉಳಿಯುವುದು 250 ಮಾತ್ರ, ಹಾಗೆ ಎಂದೂ ಆಗುವುದಿಲ್ಲ. ಕ್ಯಾಚರ್ ಸ್ಥಾನವನ್ನು ಇಬ್ಬರಿಗೆ 60-40 ಹಂಚಿ. ಸ್ಟಾರ್ಟಿಂಗ್ ಪಿಚರ್‌ಗಳಲ್ಲಂತೂ (ಪಂದ್ಯ ಶುರು ಮಾಡುವವರು) ಕೈ ಇನ್ನೂ ಬಿಗಿಯಿರಲಿ: 2024ರಲ್ಲಿ ಇಡೀ ಮೇಜರ್ ಲೀಗ್‌ನಲ್ಲಿ 200 ಇನ್ನಿಂಗ್ಸ್ ಮುಟ್ಟಿದವರು ನಾಲ್ವರೇ. ನಾನು ಮೊದಲ ಇಬ್ಬರಿಗೆ 165ರಂತೆ, ಮುಂದಿನ ಇಬ್ಬರಿಗೆ 120ರಂತೆ, ಐದನೆಯವನಿಗೆ 80 ಇಡುತ್ತೇನೆ. ಅಲ್ಲಿಗೆ 650. ಆರರಿಂದ ಹತ್ತನೆಯವರೆಗಿನ ಸ್ಟಾರ್ಟರ್‌ಗಳಿಗೆ 210, ಉಳಿದ 580 ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬರುವ ಪಿಚರ್‌ಗಳಿಗೆ. ಆ ಆರರಿಂದ ಹತ್ತನೆಯವರ ಹೆಸರುಗಳನ್ನು ಬರೆದು ನೋಡಿ. ಎರಡು ತಂಡಗಳ ಮೊದಲ ಐವರು ಒಂದೇ ಮಟ್ಟದವರಿದ್ದರೂ ಇಲ್ಲಿ ಎರಡು ಮೂರು ಗೆಲುವಿನ ಅಂತರ ಕಂಡುಬರುತ್ತದೆ.

ಗಾಯದ ಪಟ್ಟಿಯನ್ನು ತಾರೀಖಿನ ಸಮೇತ ಓದಿ. ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಅಂದರೆ ಮೊಣಕೈಯ ಲಿಗಮೆಂಟ್ ಬದಲಿಸುವುದು, ಪಿಚರ್‌ನನ್ನು 12ರಿಂದ 18 ತಿಂಗಳು ಹೊರಗಿಡುತ್ತದೆ. ಮಯಾಮಿಯ ಸ್ಯಾಂಡಿ ಅಲ್ಕಾಂಟರಾಗೆ ಅದು ಆದದ್ದು 2023ರ ಅಕ್ಟೋಬರ್‌ನಲ್ಲಿ, ಹಾಗಾಗಿ 2024ರಲ್ಲಿ ಅವನಿಗೆ ಸೊನ್ನೆ ಇನ್ನಿಂಗ್ಸ್ ಎಂದು ಮಾರ್ಚ್‌ನಲ್ಲೇ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದೆ ಆಯಿತು. ಮೇನಲ್ಲಿ ಲೂಯಿಸ್ ಅರಾಯೆಸ್‌ನನ್ನು ಪಾಡ್ರೇಸ್‌ಗೇ ಕೊಟ್ಟರು, ಜುಲೈನಲ್ಲಿ ಜಾಝ್ ಚಿಝಮ್‌ನನ್ನು ಯಾಂಕೀಸ್‌ಗೆ. ಸೋಲುವ ತಂಡ ಆಟಗಾರರ ವಿನಿಮಯದ ಜುಲೈ ಕೊನೆಯ ಗಡುವಿಗೆ ಮುಂಚೆ ಒಳ್ಳೆಯವರನ್ನು ಮಾರಿ ಇನ್ನೂ ಸೋಲುತ್ತದೆ. ಆದ್ದರಿಂದ ಲೆಕ್ಕದಲ್ಲಿ 70ರ ಕೆಳಗಿದ್ದು, ಒಪ್ಪಂದ ಮುಗಿಯುತ್ತಿರುವ ಹಿರಿಯ ಆಟಗಾರರಿರುವ ತಂಡದಿಂದ ಇನ್ನೂ 1-2 ಕಳೆಯುತ್ತೇನೆ.

ಸೀಸನ್‌ಗೆ ಮುಂಚೆ ಅರಿಝೋನಾ, ಫ್ಲೋರಿಡಾಗಳಲ್ಲಿ ನಡೆಯುವ ಸ್ಪ್ರಿಂಗ್ ಟ್ರೇನಿಂಗ್ (ಅಭ್ಯಾಸ) ಪಂದ್ಯಗಳ ಬ್ಯಾಟಿಂಗ್ ಸರಾಸರಿ ನೋಡಿ ಅಂದಾಜು ಬದಲಿಸಬೇಡಿ. ಸರದಿಗಳು ಐವತ್ತರ ಸುತ್ತಮುತ್ತ, ಎದುರಿಗೆ ಅರ್ಧ ಮಂದಿ ಮೈನರ್ ಲೀಗ್‌ನವರು. ನೋಡಬೇಕಾದದ್ದು ಪಿಚರ್‌ನ ಫಾಸ್ಟ್‌ಬಾಲ್ ವೇಗ. ಹೋದ ಮಾರ್ಚ್‌ಗಿಂತ ಗಂಟೆಗೆ ಎರಡು ಮೈಲಿ ಕಡಿಮೆಯಾಗಿದ್ದರೆ ಅವನ ಇನ್ನಿಂಗ್ಸ್ ತಗ್ಗಿಸಿ.

ಮೈದಾನದ ಪ್ರಭಾವವನ್ನು ಎರಡು ಸಲ ಲೆಕ್ಕ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಡೆನ್ವರ್‌ನಲ್ಲಿ ಚೆಂಡು ದೂರ ಹೋಗುತ್ತದೆ ನಿಜ, ಆದರೆ ವಾರ್ ಅಂಕಿಯಲ್ಲಿ ಅದನ್ನು ಈಗಾಗಲೇ ಕಳೆದಿರುತ್ತಾರೆ.

ಮೂವತ್ತೂ ತಂಡ ಮುಗಿದ ಮೇಲೆ ಒಟ್ಟು ಕೂಡಿಸಿ. 2,430 ಬರಬೇಕು, ಏಕೆಂದರೆ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಮೊದಲ ಸಲ ಮಾಡುವವರಿಗೆ ಬಹುತೇಕ ಇದಕ್ಕಿಂತ ಹೆಚ್ಚೇ ಬರುತ್ತದೆ. 2,490 ಬಂದಿದ್ದರೆ ಪ್ರತಿ ತಂಡದಿಂದ 2 ಕಳೆಯಿರಿ, ಇಷ್ಟದ ತಂಡಕ್ಕೂ ವಿನಾಯಿತಿ ಬೇಡ. ಬೇ ಏರಿಯಾದಲ್ಲಿ ಕೂತು ಅಲ್ಲಿನದೇ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ನಾಲ್ಕು ಹೆಚ್ಚು ಕೊಡುವುದು ಸಹಜ, ನಿಮ್ಮ ಆಫೀಸಿನ ಅರ್ಧ ಜನ ಅದನ್ನೇ ಮಾಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಎಷ್ಟು ತಪ್ಪುತ್ತದೆ? ನಾಣ್ಯವನ್ನು 162 ಸಲ ಚಿಮ್ಮಿದರೆ ಬೀಳುವ ತಲೆಗಳ ಸಂಖ್ಯೆ 81ರಿಂದ ಆಚೀಚೆ ಓಲಾಡುವ ಪ್ರಮಾಣ, ಅಂದರೆ ಸ್ಟ್ಯಾಂಡರ್ಡ್ ಡಿವಿಯೇಶನ್, 6.4. ನಿಜಕ್ಕೂ 85ರ ಸಾಮರ್ಥ್ಯದ ತಂಡ, ಯಾರಿಗೂ ಗಾಯವಾಗದಿದ್ದರೂ, ಮೂರರಲ್ಲಿ ಒಂದು ವರ್ಷ 79ರ ಕೆಳಗೋ 91ರ ಮೇಲೋ ಹೋಗುತ್ತದೆ. ಆದ್ದರಿಂದ 105, 48 ಎಂದೆಲ್ಲ ಬರೆಯಬೇಡಿ. 41 ಗೆಲುವಿನ 2024ರ ವೈಟ್ ಸಾಕ್ಸ್‌ನಂಥ ತಂಡ ಬಂದೇ ಬರುತ್ತದೆ, ಆದರೆ ಅದು ಯಾವುದು ಎಂದು ಮಾರ್ಚ್‌ನಲ್ಲಿ ಹೇಳಲಾಗದು. 2024ರಲ್ಲಿ 74 ಗೆದ್ದು 2025ರಲ್ಲಿ 94ಕ್ಕೇರಿದ ಟೊರಾಂಟೊ ಕೂಡ ಅಂಥದ್ದೇ.

ಕೊನೆಗೆ, ಪಟ್ಟಿ ಕೊಡುವ ಮುಂಚೆ ಅಂಕ ಹೇಗೆ ಕೊಡುತ್ತಾರೆಂದು ಕೇಳಿಕೊಳ್ಳಿ. ವ್ಯತ್ಯಾಸವನ್ನು ಹಾಗೇ ಕೂಡಿಸುತ್ತಾರಾದರೆ ಮೇಲಿನದಷ್ಟೇ ಸಾಕು. ವರ್ಗ ಮಾಡಿ ಕೂಡಿಸುತ್ತಾರಾದರೆ 30ರ ಒಂದು ತಪ್ಪಿಗೆ 900 ಅಂಕ ಹೋಗುತ್ತದೆ, ಆಗ ಎರಡೂ ತುದಿಯ ತಂಡಗಳನ್ನು ಇನ್ನೊಂದೆರಡು ಗೆಲುವು ನಡುವಿಗೆ ಎಳೆಯಿರಿ. ಪ್ಲೇಆಫ್ ತಂಡಗಳನ್ನೂ ಬರೆಯಬೇಕಿದ್ದರೆ, ಮೇಜರ್ ಲೀಗ್‌ನ ಒಳಗಿರುವ ಎರಡು ಲೀಗ್‌ಗಳಲ್ಲಿ ಪ್ರತಿಯೊಂದರಿಂದ ಮೂರು ಡಿವಿಷನ್ (ವಿಭಾಗ) ವಿಜೇತರು, ಮೂರು ವೈಲ್ಡ್ ಕಾರ್ಡ್ (ಉಳಿದವರಲ್ಲಿ ಹೆಚ್ಚು ಗೆದ್ದವರು). ಸಮವಾದರೆ 2022ರಿಂದ ಹೆಚ್ಚುವರಿ ಪಂದ್ಯವಿಲ್ಲ, ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶವೇ ನಿರ್ಣಾಯಕ. 2024ರಲ್ಲಿ ಮೆಟ್ಸ್, ಬ್ರೇವ್ಸ್, ಅರಿಝೋನಾದ ಡೈಮಂಡ್‌ಬ್ಯಾಕ್ಸ್ ಮೂರೂ 89ಕ್ಕೆ ನಿಂತು, ಅರಿಝೋನಾ ಮಾತ್ರ ಹೊರಗುಳಿದದ್ದು ಹೀಗೆಯೇ.