ಬೋಟು ಯಾರದ್ದು, ಮೀನಿನ ಪಾಲು ಯಾರಿಗೆ? ಸಿನಿಮಾ ಸಂಸ್ಥೆ ಕಟ್ಟುವ ಮೊದಲು

ಕರಾವಳಿಯಲ್ಲಿ ಸಿನಿಮಾ ಮಾಡಹೊರಟವರ ಪ್ರಶ್ನೆಗಳಿಗೆ ತುಳು, ಕನ್ನಡ ಚಿತ್ರಗಳ ಲೆಕ್ಕಪತ್ರ ನೋಡುವ ಮಂಗಳೂರಿನ ಲೆಕ್ಕ ಪರಿಶೋಧಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ತುಳು ಸಿನಿಮಾ ಮಾಡಲು ಹೊರಟಿದ್ದೇವೆ. ಕಥೆ, ನಿರ್ದೇಶನ ನನ್ನದು. ಒಬ್ಬ ಗೆಳೆಯ ಮಣಿಪಾಲದಲ್ಲಿ ಎಡಿಟರ್. ನಮ್ಮಿಬ್ಬರದು ದುಡಿಮೆ ಮಾತ್ರ, ಹಣ ಇಲ್ಲ. ಇನ್ನೊಬ್ಬನ ಮನೆಯವರದು ಮಲ್ಪೆಯಲ್ಲಿ ಬೋಟು. ಅವನು 15 ಲಕ್ಷ ಹಾಕುತ್ತಾನೆ. ಶೂಟಿಂಗ್ ವ್ಯವಸ್ಥೆ ನೋಡುವ ಗೆಳತಿಯದು 5 ಲಕ್ಷ. ದುಬೈಯಲ್ಲಿರುವ ನನ್ನ ಮಾವ 40 ಲಕ್ಷ ಕೊಡುತ್ತೇನೆ, ಲಾಭದಲ್ಲಿ ಅರ್ಧ ಬೇಕು ಅನ್ನುತ್ತಾರೆ. ಬ್ಯಾನರಿಗೆ ಹೆಸರೂ ಇಟ್ಟಾಗಿದೆ. ಪಾರ್ಟ್ನರ್‌ಶಿಪ್ ಸಾಕೇ, ಕಂಪನಿಯೇ ಬೇಕೇ? ಸಿನಿಮಾ ಯಾರದ್ದಾಗುತ್ತದೆ? ಹಣ ಸಾಲದಿದ್ದರೆ ಊರಿನ 60 ಜನರಿಂದ ತಲಾ 50 ಸಾವಿರ ಎತ್ತುವ ಅಂತ ಭಾವ ಹೇಳುತ್ತಿದ್ದಾರೆ. ಅದು ಆದೀತೇ?
(ಉಡುಪಿಯ ಓದುಗ)

ಉತ್ತರ: ಭಾವನವರ ಮಾತಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಅಪಾಯ ಇರುವುದು ಅಲ್ಲಿ. 'ಇಷ್ಟು ಕೊಡಿ, ಇಷ್ಟು ಸೇರಿಸಿ ವಾಪಸ್ ಕೊಡುತ್ತೇವೆ' ಎಂದು ಊರವರಿಂದ ಹಣ ಎತ್ತಿದರೆ ಅದು ಠೇವಣಿ ಆಗುತ್ತದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾನೂನಿನಲ್ಲಿ ಇದಕ್ಕೆ ಜೈಲು ಶಿಕ್ಷೆ ಇದೆ. ಕೊಟ್ಟವರು ಪರಿಚಯದವರು, ಸಿನಿಮಾ ಮೇಲಿನ ಪ್ರೀತಿಯಿಂದ ಕೊಟ್ಟರು ಎಂಬ ಮಾತು ಚಿತ್ರ ಸೋತ ದಿನ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಊರವರ ಬೆಂಬಲ ಬೇಕಾದರೆ ನಮ್ಮ ಕಡೆಯ ಹಳೆಯ ದಾರಿಯೇ ಇದೆ: ಸಂಘ ಸಂಸ್ಥೆಗಳು ಒಂದು ಇಡೀ ಶೋ ಕೊಂಡು ಸಹಾಯಾರ್ಥ ಪ್ರದರ್ಶನ ಮಾಡುವುದು. ನಾಟಕಕ್ಕೆ ಅಭ್ಯಾಸವಾದ ಈ ಕ್ರಮ ಸಿನಿಮಾಕ್ಕೂ ಹೊಂದುತ್ತದೆ. ಬಿಡುಗಡೆ ಹೊತ್ತಿಗೆ ಅದನ್ನು ಬರಹದಲ್ಲಿ ಮಾಡಿಕೊಳ್ಳಿ.

ಇನ್ನು ಮೂಲ ಪ್ರಶ್ನೆ. ನೀವು ಒಂದೇ ಪ್ರಶ್ನೆ ಎಂದು ತಿಳಿದಿರುವುದರಲ್ಲಿ ಮೂರು ಪ್ರಶ್ನೆಗಳಿವೆ: ಸಂಸ್ಥೆ ಯಾರದ್ದು, ಸಿನಿಮಾ ಯಾರದ್ದು, ಬಂದ ಹಣ ಯಾವ ಕ್ರಮದಲ್ಲಿ ಯಾರಿಗೆ. ನಿಮ್ಮ ಮಲ್ಪೆಯ ಗೆಳೆಯನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟಿನಲ್ಲಿ ನಾಲ್ಕಾರು ಜನ ಪಾಲುದಾರರಿರುತ್ತಾರೆ, ಬೋಟು ಅವರದ್ದು. ಬೋಟು ನಡೆಸುವ ತಂಡೇಲನಿಗೆ ಬೋಟಿನಲ್ಲಿ ಒಂದು ಹಲಗೆಯೂ ಇಲ್ಲದಿರಬಹುದು, ಆದರೆ ಹಿಡಿದ ಮೀನಿನ ಹಣದಲ್ಲಿ ಪಾಲಿದೆ. ಅದೂ ಡೀಸೆಲ್, ಐಸು ಎಲ್ಲ ಕಳೆದು ಉಳಿದದ್ದರಲ್ಲಿ. ಸಿನಿಮಾದಲ್ಲಿ ನಾವು ಬೋಟನ್ನೂ ಮೀನನ್ನೂ ಒಂದೇ ಬುಟ್ಟಿಗೆ ಹಾಕಿ, 'ನಾವೆಲ್ಲ ಒಂದೇ ಅಲ್ವಾ ಮಾರಾಯ್ರೆ' ಎಂದು ಮುಹೂರ್ತ ಮಾಡಿಬಿಡುತ್ತೇವೆ. 1971ರಲ್ಲಿ ಮೊದಲ ತುಳು ಚಿತ್ರ ಬಂದು ಅರ್ಧ ಶತಮಾನ ದಾಟಿತು. ಒಂದೇ ಚಿತ್ರ ಮಾಡಿ ನಿಂತುಹೋದ ಬ್ಯಾನರುಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಕೆಲವು ಸೋತದ್ದು ತೆರೆಯ ಮೇಲೆ ಅಲ್ಲ, ಗೆಳೆಯರ ನಡುವೆ. ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಮೊದಲಿಗೆ ಸಂಸ್ಥೆ. ಬ್ಯಾನರ್ ಎಂಬುದು ಬರೀ ಹೆಸರು. ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಬ್ಯಾನರನ್ನೂ ಶೀರ್ಷಿಕೆಯನ್ನೂ ನೋಂದಾಯಿಸುತ್ತಾರೆ, ಆದರೆ ಅದರಿಂದ ಸಂಸ್ಥೆ ಹುಟ್ಟುವುದಿಲ್ಲ. 1932ರ ಕಾಯ್ದೆಯಂತೆ ಸಾದಾ ಪಾರ್ಟ್ನರ್‌ಶಿಪ್ ಮಾಡಿದರೆ ಖರ್ಚು ಕಡಿಮೆ. ಆದರೆ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನ ಮನೆ, ಜಾಗವೂ ಹೊಣೆ. ಕ್ಯಾಮೆರಾ ಬಾಡಿಗೆ ಬಾಕಿ ಉಳಿದರೆ ಕೇಸು 5 ಲಕ್ಷ ಹಾಕಿದ ಗೆಳತಿಯ ಮನೆ ಬಾಗಿಲಿಗೂ ಬರಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಆ ಭಯವಿಲ್ಲ. ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರಿದ್ದರೆ ಸಾಕು (ಇವರು ಕಂಪನಿ ನಿರ್ದೇಶಕರು, ಸಿನಿಮಾದವರಲ್ಲ). ಮುಂದೆ ಮೂರು ನಾಲ್ಕು ಚಿತ್ರ ಮಾಡುವ, ಹೊರಗಿನ ಹೂಡಿಕೆದಾರರನ್ನು ತರುವ ಯೋಚನೆ ಇದ್ದರೆ ಅದೇ ಸರಿ. ಆದರೆ ಚಿತ್ರ ಇರಲಿ ಬಿಡಲಿ ವರ್ಷವೂ ಆಡಿಟ್ ಆಗಬೇಕು, ವಾರ್ಷಿಕ ವರದಿ ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ.

ನಿಮ್ಮ ಸ್ಥಿತಿಗೆ ನಾನು ಹೇಳುವುದು ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ. 2008ರ ಕಾಯ್ದೆ. ಇದರಲ್ಲಿ ಹೊಣೆ ನೀವು ಹಾಕಿದ ಬಂಡವಾಳದಷ್ಟೇ. ಬಂಡವಾಳ ಒಂದು ಪ್ರಮಾಣದಲ್ಲಿ, ಲಾಭದ ಪಾಲು ಇನ್ನೊಂದು ಪ್ರಮಾಣದಲ್ಲಿ ಬರೆದುಕೊಳ್ಳಬಹುದು. ಹಣವಿಲ್ಲದ ನಿಮಗೂ ಎಡಿಟರಿಗೂ ಇದೇ ಮುಖ್ಯ. ಕಾನೂನಿನ ಕೆಲಸಕ್ಕೆ ಸಹಿ ಹಾಕುವ ನಿಯೋಜಿತ ಪಾಲುದಾರರು ಇಬ್ಬರು ಬೇಕು; ನೀವು ಮತ್ತು ಗೆಳತಿ ಆಗಿ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್ ಕಡ್ಡಾಯ. ನಿಮ್ಮದು ದಾಟುತ್ತದೆ, ಆ ಖರ್ಚನ್ನು ಬಜೆಟ್ಟಿನಲ್ಲೇ ಹಾಕಿಕೊಳ್ಳಿ.

ಮಾವನವರು ಭಾರತೀಯ ಪೌರರಾಗಿದ್ದರೆ, ಮರಳಿ ಹೊರದೇಶಕ್ಕೆ ಒಯ್ಯುವ ಹಕ್ಕಿಲ್ಲದ ಹೂಡಿಕೆಯಾಗಿ ಎಲ್‌ಎಲ್‌ಪಿಗೆ ಬಂಡವಾಳ ಹಾಕಬಹುದು. ಅದನ್ನು ದೇಶದೊಳಗಿನ ಹೂಡಿಕೆಯಂತೆಯೇ ಕಾಣುತ್ತಾರೆ. ಹಣ ಅವರ ಅನಿವಾಸಿ ಖಾತೆಯಿಂದ ನೇರವಾಗಿ ಸಂಸ್ಥೆಯ ಖಾತೆಗೆ ಬರಲಿ. ರಜೆಗೆ ಬರುವಾಗ ಯಾರ ಕೈಯಲ್ಲೋ ಕಳಿಸುತ್ತೇನೆ ಎಂದರೆ ಒಪ್ಪಬೇಡಿ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳಬಹುದು.

ಎರಡನೆಯದು ಸಿನಿಮಾದ ಒಡೆತನ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ 'ಕರ್ತೃ' ನಿರ್ದೇಶಕ ಅಲ್ಲ, ನಿರ್ಮಾಪಕ. ಚಿತ್ರ ಮಾಡುವ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತವರು. ಬಿಡುಗಡೆಯಾದ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಅವರದ್ದು. ಹಾಗಾಗಿ ವಾಣಿಜ್ಯ ಮಂಡಳಿಯ ಅರ್ಜಿಯಲ್ಲಿ, ಕಲಾವಿದರ ಒಪ್ಪಂದದಲ್ಲಿ, ಬಿಲ್ಲುಗಳಲ್ಲಿ, ಸೆನ್ಸಾರ್ ಅರ್ಜಿಯಲ್ಲಿ ನಿರ್ಮಾಪಕ ಎಂದು ಬರೆಯುವಲ್ಲೆಲ್ಲ ಎಲ್‌ಎಲ್‌ಪಿಯ ಹೆಸರೇ, ಅದೇ ಅಕ್ಷರಗಳಲ್ಲಿ ಇರಲಿ. ನನ್ನ ಬಳಿ ಬಂದ ಒಂದು ತಂಡದಲ್ಲಿ ಖರ್ಚೆಲ್ಲ ಫರ್ಮಿನದ್ದು, ಸೆನ್ಸಾರ್ ಸರ್ಟಿಫಿಕೇಟ್ ಮಾತ್ರ ಬೆಂಗಳೂರಿಗೆ ಓಡಾಡಿದ ಪಾಲುದಾರನ ಸ್ವಂತ ಹೆಸರಲ್ಲಿ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಡಿಜಿಟಲ್ ಹಕ್ಕು ಕೊಳ್ಳಲು ಬಂದವರು ಹಕ್ಕಿನ ದಾಖಲೆ ಕೇಳಿದಾಗ ಎರಡು ಹೆಸರು ಕಂಡು ಹಿಂದೆ ಸರಿದರು. ಕಾಗದ ಸರಿಮಾಡುವಷ್ಟರಲ್ಲಿ ಕೊಳ್ಳುವವರ ಆಸಕ್ತಿ ಆರಿಹೋಗಿತ್ತು.

ಕ್ಯಾಮೆರಾ ಬಾಡಿಗೆಯದ್ದು, ಲೈಟು ಬಾಡಿಗೆಯದ್ದು, ಆಫೀಸು ಗೆಳೆಯನ ಮನೆಯ ಚಾವಡಿ. ಚಿಕ್ಕ ನಿರ್ಮಾಣ ಸಂಸ್ಥೆಗೆ ಇರುವ ಆಸ್ತಿ ಈ ಹಕ್ಕಿನ ಕಾಗದ ಒಂದೇ. ಕಥೆ ನಿಮ್ಮದೇ ಆದರೂ ಸಂಸ್ಥೆಗೆ ಬರೆದುಕೊಡಿ. ಸಂಭಾಷಣೆ, ಸಂಗೀತ, ಸಾಹಿತ್ಯ, ಗಾಯನ ಪ್ರತಿಯೊಂದಕ್ಕೂ ಸಹಿಯಾದ ಪತ್ರ ಇರಲಿ. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಹಾಡು ಕೇಳಿಸುವುದು ಬಿಟ್ಟು ಉಳಿದ ಬಳಕೆಗೆ ಸಾಹಿತಿ, ಸಂಗೀತ ನಿರ್ದೇಶಕರಿಗೆ ರಾಯಲ್ಟಿಯಲ್ಲಿ ಸಮಪಾಲು ಉಂಟು. 2012ರ ತಿದ್ದುಪಡಿಯ ನಂತರ ಅದನ್ನು ಒಪ್ಪಂದದಲ್ಲಿ ಬರೆದು ಕಿತ್ತುಕೊಳ್ಳಲು ಆಗುವುದಿಲ್ಲ. ಅದು ನ್ಯಾಯವೂ ಹೌದು. ಇನ್ನು ಹಾರ್ಡ್ ಡಿಸ್ಕ್: ಚಿತ್ರೀಕರಣದ ಎರಡು ಪ್ರತಿ ಎರಡು ಬೇರೆ ಮನೆಗಳಲ್ಲಿರಲಿ, ಒಂದಾದರೂ ಎಡಿಟರ್ ಅಲ್ಲದವರ ಬಳಿ.

ಮೂರನೆಯದು ಹಣದ ಕ್ರಮ. ಒಂದು ಟಿಕೆಟನ್ನು ಹಿಡಿದು ನೋಡಿ. ಪ್ರೇಕ್ಷಕ 105 ರೂಪಾಯಿ ಕೊಟ್ಟ ಎನ್ನಿ. 100 ರೂಪಾಯಿವರೆಗಿನ ಟಿಕೆಟಿಗೆ ಜಿಎಸ್‌ಟಿ 5 ಶೇಕಡಾ, ಅದು ಹೋಗಿ 100 ಉಳಿಯಿತು. (ಈ ದರ 2025ರ ಸೆಪ್ಟೆಂಬರ್ 22ರಿಂದ. 100 ರೂಪಾಯಿಗಿಂತ ಮೇಲಿನ ಟಿಕೆಟಿಗೆ 18 ಶೇಕಡಾ. ದರ ಇಡುವಾಗ ನೆನಪಿರಲಿ.) ಚಿತ್ರಮಂದಿರಕ್ಕೆ ಅರ್ಧ ಎಂದು ಮಾತಾಗಿದ್ದರೆ 50 ಉಳಿಯಿತು. ಅದರಲ್ಲಿ ವಿತರಕರ ಕಮಿಷನ್ 15 ಶೇಕಡಾ ಎಂದುಕೊಂಡರೆ ನಿಮಗೆ 42 ರೂಪಾಯಿ 50 ಪೈಸೆ. ಈ ಲೆಕ್ಕದಲ್ಲಿ 60 ಲಕ್ಷ ವಾಪಸ್ ಬರಲು ಸುಮಾರು 1 ಲಕ್ಷ 41 ಸಾವಿರ ಟಿಕೆಟ್ ಹೋಗಬೇಕು. ಪ್ರಚಾರದ ಖರ್ಚು, ಡಿಜಿಟಲ್ ಪ್ರದರ್ಶನದ ಶುಲ್ಕ ಇನ್ನೂ ಇದರಲ್ಲಿ ಸೇರಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ವಾರ ಕಳೆದಂತೆ ನಿರ್ಮಾಪಕರ ಪಾಲು ಇಳಿಯುವ ಕರಾರುಗಳೂ ಉಂಟು. ಈ ಸಂಖ್ಯೆ ನೋಡಿ ಹೆದರಬೇಡಿ; ಇದನ್ನು ಎದುರಿಗಿಟ್ಟುಕೊಂಡು ಬಜೆಟ್ ಕಡಿಮೆ ಮಾಡಿ. ಮುಂಬಯಿ, ಗಲ್ಫ್ ಪ್ರದರ್ಶನಗಳ ಆದಾಯ ತುಳು ಚಿತ್ರಕ್ಕೆ ದೊಡ್ಡ ಆಸರೆ, ಅದರ ಹಕ್ಕನ್ನು ಮೊದಲೇ ಯಾರಿಗೂ ಒಟ್ಟಾರೆಯಾಗಿ ಬರೆದುಕೊಡಬೇಡಿ. ರಾಜ್ಯ ಸರ್ಕಾರದ ಸಹಾಯಧನಕ್ಕೆ ತುಳು ಚಿತ್ರಗಳೂ ಅರ್ಜಿ ಹಾಕಬಹುದು, ಆದರೆ ಅದನ್ನು ಬಂಡವಾಳ ಎಂದು ಎಣಿಸಿ ಸಾಲ ಮಾಡಬೇಡಿ.

ಬಂದ ಹಣದಲ್ಲಿ ಮೊದಲು ಕಾರ್ಮಿಕರ, ಸ್ಟುಡಿಯೋದ ಬಾಕಿ ತೀರಲಿ. ಆಮೇಲೆ ಮಾವನವರ 40, ಗೆಳೆಯನ 15, ಗೆಳತಿಯ 5 ಲಕ್ಷ, ಹಾಕಿದ ಪ್ರಮಾಣದಲ್ಲೇ ಜೊತೆಜೊತೆಗೆ ಮರಳಲಿ. ಆನಂತರ ನಿಮ್ಮ ಮತ್ತು ಎಡಿಟರ್ ಗೆಳೆಯನ ಸಂಭಾವನೆ. ಈಗಲೇ ಒಂದು ಮೊತ್ತ ಬರೆದಿಡಿ. 'ನನಗೆ ಸಂಬಳ ಬೇಡ' ಎಂಬ ಮಾತು ಮುಹೂರ್ತದ ದಿನ ಮನಸ್ಸಿನಿಂದಲೇ ಬಂದಿರುತ್ತದೆ, ಆದರೆ ಎರಡು ವರ್ಷದ ಮೇಲೆ ಅದೇ ಕಹಿಯಾಗುತ್ತದೆ. ಇಷ್ಟೆಲ್ಲ ಕಳೆದು ಉಳಿದದ್ದು ಲಾಭ. ಮಾವನವರ 'ಅರ್ಧ' ಇದರ ಅರ್ಧವೇ, ಟಿಕೆಟ್ ಹಣದ ಅರ್ಧವೇ ಎಂದು ಅವರ ಬಾಯಿಂದಲೇ ಕೇಳಿ ತಿಳಿದು, ಬರೆದುಕೊಳ್ಳಿ. ಹಿರಿಯರ ಹತ್ತಿರ ಇದನ್ನು ಕೇಳಲು ಸಂಕೋಚ ಇರುತ್ತದೆ, ನನಗೆ ಗೊತ್ತು. ಆದರೂ ಕೇಳಿ. ಬಜೆಟ್ 60 ದಾಟಿದರೆ ಹೆಚ್ಚಿನ ಹಣ ಯಾರು ಹಾಕುತ್ತಾರೆ, ಹಾಗೆ ಹಾಕಿದವರ ಪಾಲು ಏರುತ್ತದೆಯೇ, ನಡುವೆ ಒಬ್ಬರು ಬಿಟ್ಟುಹೋದರೆ ಏನು, ಇವೂ ಅದೇ ಪತ್ರದಲ್ಲಿ ಬರಲಿ. ಚೆಕ್ಕಿಗೆ ಇಬ್ಬರ ಸಹಿ ಇರಲಿ.

ಪ್ರಶ್ನೆ: ನನ್ನ ತುಳು ನಾಟಕವನ್ನು ಸಿನಿಮಾ ಮಾಡುತ್ತೇವೆಂದು ಮೂರು ವರ್ಷದ ಹಿಂದೆ ಒಬ್ಬರು 10 ಸಾವಿರ ಮುಂಗಡ ಕೊಟ್ಟು ಸಹಿ ಹಾಕಿಸಿಕೊಂಡರು. ಸಿನಿಮಾ ಶುರುವೇ ಆಗಿಲ್ಲ. ಬೇರೆಯವರಿಗೆ ಕೊಡಬಹುದೇ?
(ಸುರತ್ಕಲ್‌ನ ಓದುಗರು)

ಉತ್ತರ: ಮೊದಲು ಆ ಪತ್ರದ ನಕಲು ಹುಡುಕಿ. ಬರೆದುಕೊಟ್ಟ ಹಕ್ಕನ್ನು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ ಎಂದು ಕೃತಿಸ್ವಾಮ್ಯ ಕಾಯ್ದೆಯೇ ಹೇಳುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ ಎಂದು ಹಿಡಿಯುವ ಇನ್ನೊಂದು ನಿಯಮವೂ ಇದೆ; ಎದುರಿನವರು ಅದನ್ನು ತೋರಿಸಿ ಹೆದರಿಸಿದರೆ ಒಂದು ವರ್ಷದ ನಿಯಮ ಬೇರೆಯೇ ಎಂದು ಹೇಳಿ. ಆದರೂ ಸುಮ್ಮನೆ ಬೇರೆಯವರಿಗೆ ಕೊಡಬೇಡಿ. ವಕೀಲರ ಮೂಲಕ ನೋಟಿಸ್ ಕಳಿಸಿ, ಹಕ್ಕು ಮರಳಿದೆ ಎಂದು ಬರಹದಲ್ಲಿ ತಿಳಿಸಿ. ಹೊಸ ಪತ್ರ ಮಾಡುವಾಗ ಅವಧಿ, ಭಾಷೆ, ಮೊತ್ತ ಮೂರನ್ನೂ ಬರೆಯಿಸಿ. ನಾಟಕ ಆಡುವ ಹಕ್ಕು ನಿಮ್ಮಲ್ಲೇ ಉಳಿಯಲಿ.

ಪ್ರಶ್ನೆ: ನಮ್ಮ ಚಿತ್ರದಲ್ಲಿ ಕಂಬಳದ ಕೋಣಗಳ ಎರಡು ದೃಶ್ಯ ಇದೆ. ಕೋಣದ ಯಜಮಾನರು ಒಪ್ಪಿದ್ದಾರೆ. ಬೇರೆ ಅನುಮತಿ ಬೇಕೇ?
(ಕಾರ್ಕಳದ ಓದುಗ)

ಉತ್ತರ: ಬೇಕು. ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ ನಿಜ, ಆದರೆ ಅದು ಕಂಬಳಕ್ಕೆ ಸಂಬಂಧಿಸಿದ್ದು. ಸಿನಿಮಾದಲ್ಲಿ ಪ್ರಾಣಿ ಬಳಸಲು 2001ರ ನಿಯಮದಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಶೂಟಿಂಗಿಗೆ ಮೊದಲೇ ಪಡೆಯಬೇಕು. ಚಿತ್ರ ಮುಗಿದ ಮೇಲೆ ಮಂಡಳಿಯ ಆಕ್ಷೇಪಣೆ ಇಲ್ಲ ಎಂಬ ಪತ್ರವನ್ನು ಸೆನ್ಸಾರ್ ಅರ್ಜಿಯ ಜೊತೆ ಇಡಬೇಕು. ಅರ್ಜಿ ಹಾಕಬೇಕಾದದ್ದು ಕೋಣದ ಯಜಮಾನರಲ್ಲ, ನಿಮ್ಮ ನಿರ್ಮಾಣ ಸಂಸ್ಥೆ.