ಖಾಸಗಿ ಸ್ಕೂಲೋ, ಕಮ್ಯುನಿಟಿ ಕಾಲೇಜೋ? ಮೊದಲು ಲೈಸೆನ್ಸ್ ಯಾವುದು ಅಂತ ಕೇಳಿ

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಂದ ನರ್ಸಿಂಗ್ ಕೋರ್ಸ್ ಬಗ್ಗೆ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಅವೇ. ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಈಗ ವಿದ್ಯಾರ್ಥಿಗಳಿಗೆ ಕ್ಲಿನಿಕಲ್, ಅಂದರೆ ರೋಗಿಗಳ ಹತ್ತಿರ ಮಾಡುವ ಕೆಲಸ, ಕಲಿಸುವವಳು ನಾನು. ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ. ಯಾಕೆಂದರೆ ನಮ್ಮವರು ಸಾವಿರಾರು ಡಾಲರ್ ಕಳೆದುಕೊಳ್ಳುತ್ತಿರುವುದು ಅಲ್ಲೇ. ನರ್ಸ್ ಅಂದರೆ ಯಾರು, ಎನ್‌ಕ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ ಯಾಕೆ ಬೇಕು ಅನ್ನೋದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಈ ಕಡೆ ಬರುವ ಮನಸ್ಸಿದ್ದರೆ ಅಷ್ಟನ್ನು ನೀವೇ ಓದಿಕೊಂಡಿರಬೇಕು.

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿ ಬಿಇ ಓದಿದ್ದೇನೆ. ಈಗ ಸ್ಯಾನ್ ಹೋಸೆಯಲ್ಲಿದ್ದೇವೆ. ನನ್ನದು ಎಚ್-4, ಅಂದರೆ ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ವೀಸಾ, ವರ್ಕ್ ಪರ್ಮಿಟ್ ಇನ್ನೂ ಬಂದಿಲ್ಲ. ಮನೆ ಹತ್ತಿರದ ಖಾಸಗಿ ವೊಕೇಷನಲ್ ಸ್ಕೂಲ್‌ನಲ್ಲಿ ನರ್ಸಿಂಗ್ 14 ತಿಂಗಳು, ಫೀಸ್ 38 ಸಾವಿರ ಡಾಲರ್, ಮುಂದಿನ ತಿಂಗಳೇ ಸೀಟ್ ಕೊಡ್ತೀವಿ ಅಂತಾರೆ. ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಎಲ್ಲ ಸೇರಿ ನಾಲ್ಕು ವರ್ಷ ಆಗುತ್ತಂತೆ. ಬೇಗ ದುಡಿಯಬೇಕು ಅನ್ನೋ ಆಸೆ. ಯಾವುದು ಸೇರಲಿ ಮೇಡಂ?

ಕಮ್ಯುನಿಟಿ ಕಾಲೇಜು ಸೇರಿ. ಸಹಿ ಹಾಕುವ ಮುಂಚೆ ಕೇಳಿದ್ದೀರಿ, ಒಳ್ಳೆಯದಾಯಿತು.

ನೀವು ಹೋಲಿಸುತ್ತಿರುವುದು ಒಂದೇ ಕೋರ್ಸಿನ ಎರಡು ದಾರಿಗಳನ್ನಲ್ಲ. 14 ತಿಂಗಳದ್ದು ಎಲ್‌ವಿಎನ್, ಅಂದರೆ ವೊಕೇಷನಲ್ ನರ್ಸ್. ಮೊದಲು ಓದಬೇಕಾದ ಪೂರ್ವ ಕೋರ್ಸುಗಳೂ ಸೇರಿ ನಾಲ್ಕು ವರ್ಷದ್ದು ಆರ್‌ಎನ್, ರಿಜಿಸ್ಟರ್ಡ್ ನರ್ಸ್. ಎರಡಕ್ಕೂ ಲೈಸೆನ್ಸ್ ಬೇರೆ, ಪರೀಕ್ಷೆ ಬೇರೆ, ಈ ರಾಜ್ಯದಲ್ಲಿ ಲೈಸೆನ್ಸ್ ಕೊಡುವ ಬೋರ್ಡ್ ಕೂಡ ಬೇರೆ. ಫೋನಿನಲ್ಲಿ ಅಡ್ಮಿಷನ್‌ನವರು "ನರ್ಸಿಂಗ್, ನರ್ಸಿಂಗ್" ಅಂತಲೇ ಮಾತಾಡುತ್ತಾರೆ. ಕೋರ್ಸ್ ಮುಗಿದ ಮೇಲೆ ನನಗೆ ಸಿಗುವ ಲೈಸೆನ್ಸ್ ಯಾವುದು ಅಂತ ನೇರವಾಗಿ ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಎಲ್‌ವಿಎನ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ವೃದ್ಧರ ನರ್ಸಿಂಗ್ ಹೋಮ್‌ನಲ್ಲಿ ಸಂಜೆ ಪಾಳಿಯಲ್ಲಿ ಔಷಧಿ ಗಾಡಿ ತಳ್ಳಿಕೊಂಡು ಇಪ್ಪತ್ತೈದು ಮೂವತ್ತು ಜನರ ಕೋಣೆಗೆ ಹೋಗಬೇಕು. ಒಬ್ಬೊಬ್ಬರ ಹೆಸರು ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಮಾತ್ರೆ ನುಂಗಲಾರದವರಿಗೆ, ಪುಡಿ ಮಾಡಬಹುದಾದ ಮಾತ್ರೆ ಯಾವುದು ಅಂತ ನೋಡಿ, ಅದನ್ನು ಆ್ಯಪಲ್ ಸಾಸ್‌ನಲ್ಲಿ ಕಲಸಿ ತಿನ್ನಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಮುಗಿಸಬೇಕು. ಕಷ್ಟದ ಕೆಲಸ, ಮರ್ಯಾದೆಯ ಕೆಲಸ. ಆದರೆ ಸಂಬಳ ಆರ್‌ಎನ್‌ಗೆ ಸಿಗುವುದರ ಸುಮಾರು ಅರ್ಧ. ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಎಲ್‌ವಿಎನ್‌ಗಳಿಗೆ ಅವಕಾಶವೂ ಕಡಿಮೆ. ಇದನ್ನು ತಿಳಿದು, ಬೇಕು ಅಂತಲೇ ಆರಿಸಿಕೊಂಡರೆ ಸರಿ. ಗೊತ್ತಿಲ್ಲದೆ ಸೇರಿ ಆಮೇಲೆ ಅಳಬಾರದು.

ಇನ್ನು ಬೇಗ ದುಡಿಯುವ ಮಾತು. ವರ್ಕ್ ಪರ್ಮಿಟ್ ಇಲ್ಲದೆ ನೀವು ದುಡಿಯುವ ಹಾಗೇ ಇಲ್ಲ, ಅಲ್ವಾ? ನಿಮ್ಮ ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿ, ನೀವು ಅರ್ಜಿ ಹಾಕಿ, ಕಾರ್ಡ್ ಕೈಗೆ ಬರುವವರೆಗೆ 14 ತಿಂಗಳಲ್ಲಿ ಮುಗಿಸಿದರೂ ಮನೆಯಲ್ಲೇ ಕೂರಬೇಕು. ಎಚ್-4ನಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ. ಅಂದಮೇಲೆ ನಿಮ್ಮ ಹತ್ತಿರ ಇರುವುದೇ ಸಮಯ. ಅದನ್ನು ಉಳಿಸೋಕೆ 38 ಸಾವಿರ ಡಾಲರ್ ಯಾಕೆ ಸುರಿಯುತ್ತೀರಿ? ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ಇನ್ನೊಂದು ಹೆದರಿಕೆಯನ್ನೂ ಬಿಡಿ. ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದವರಿಗೆ ಲೈಸೆನ್ಸ್ ಸಿಗೋದೇ ಇಲ್ಲ ಅಂತ ಹೇಳುವವರಿದ್ದಾರೆ. ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ಮಾಡಿ ಅದರ ಬದಲು ತೆರಿಗೆ ಇಲಾಖೆ ಕೊಡುವ ಐಟಿಐಎನ್ ನಂಬರನ್ನೂ ಒಪ್ಪಿಕೊಂಡಿದೆ.

ದುಡ್ಡಿನ ಲೆಕ್ಕ ನೋಡಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್‌ಗೆ, 46 ಡಾಲರ್. 2012ರಿಂದ ಇದು ಏರಿಲ್ಲ. ಪೂರ್ವ ಕೋರ್ಸುಗಳೂ ನರ್ಸಿಂಗೂ ಸೇರಿ 80 ಯೂನಿಟ್ ಅಂದುಕೊಂಡರೆ 3,680 ಡಾಲರ್. ಪುಸ್ತಕ, ಸಮವಸ್ತ್ರ, ಲಸಿಕೆ, ಹಿನ್ನೆಲೆ ತಪಾಸಣೆ ಇವಕ್ಕೆ ಇನ್ನಷ್ಟು ಸೇರಿಸಿ. ಆದರೂ 38 ಸಾವಿರದ ಹತ್ತಿರ ಸುಳಿಯುವುದಿಲ್ಲ. ನಿವಾಸಿ ಅನ್ನಿಸಿಕೊಳ್ಳಲು ಇಲ್ಲಿ ಒಂದು ವರ್ಷ ಒಂದು ದಿನ ಇದ್ದಿರಬೇಕು, ಇಲ್ಲೇ ಉಳಿಯುವ ಉದ್ದೇಶಕ್ಕೆ ದಾಖಲೆ ಇರಬೇಕು. ಎಚ್-4ನವರು ಇದಕ್ಕೆ ಅರ್ಹರು. ಕೌಂಟರಿನಲ್ಲಿ ಯಾರಾದರೂ ಆಗೋದಿಲ್ಲ ಅಂದರೆ ಅಲ್ಲಿಗೇ ವಾಪಸ್ ಬರಬೇಡಿ, ರೆಸಿಡೆನ್ಸಿ ನೋಡಿಕೊಳ್ಳುವವರನ್ನೇ ಕೇಳಿ. ನಿವಾಸಿಯಲ್ಲ ಅಂತಾದರೆ ಪ್ರತಿ ಯೂನಿಟ್‌ಗೆ ನೂರಾರು ಡಾಲರ್ ಜಾಸ್ತಿ ಬೀಳುತ್ತದೆ. ಖಾಸಗಿಯವರು "ಏಡ್ ಕೊಡಿಸ್ತೀವಿ" ಅಂದರೆ ನಂಬಬೇಡಿ. ಎಚ್-4ನವರಿಗೆ ಫೆಡರಲ್ ಏಡ್, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು, ಇಲ್ಲ. ಅವರು ಕೊಡಿಸುವುದು ಬಡ್ಡಿ ಸಾಲ ಅಥವಾ ಕಂತು.

"ಮೊದಲು ಎಲ್‌ವಿಎನ್ ಮಾಡಿ ಆಮೇಲೆ ಆರ್‌ಎನ್ ಮಾಡಿದರಾಯಿತು" ಅನ್ನುವವರಿಗೆ ಒಂದು ಮಾತು. ಎಲ್‌ವಿಎನ್ ಲೈಸೆನ್ಸ್ ಇದ್ದರೆ ಆರ್‌ಎನ್ ಕೋರ್ಸಿನ ಮಧ್ಯಕ್ಕೆ ಸೇರುವ ದಾರಿ ಇರುವುದು ನಿಜ. ಆದರೆ ವೊಕೇಷನಲ್ ಸ್ಕೂಲಿನಲ್ಲಿ ಕಲಿತ ಅನಾಟಮಿಯನ್ನು ಲ್ಯಾಬ್ ಸಹಿತ ಕಾಲೇಜು ಅನಾಟಮಿ ಅಂತ ಸಾಮಾನ್ಯವಾಗಿ ಯಾರೂ ಒಪ್ಪುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಮೈಕ್ರೊಬಯಾಲಜಿ ಮೂರನ್ನೂ ನೀವು ಕೊನೆಗೆ ಕಮ್ಯುನಿಟಿ ಕಾಲೇಜಿನಲ್ಲೇ ಓದಬೇಕು. ತಪ್ಪಿಸಿಕೊಂಡೆ ಅಂದುಕೊಂಡ ದಾರಿಗೇ ಸಾಲದ ಜೊತೆ ವಾಪಸ್ ಬಂದಂತೆ. ಕ್ಯಾಲಿಫೋರ್ನಿಯಾದಲ್ಲಿ 30 ಯೂನಿಟ್ ಆಯ್ಕೆ ಅಂತ ಇನ್ನೊಂದಿದೆ. ಎಲ್‌ವಿಎನ್ ಮಾಡಿದವರು ಹೆಚ್ಚೆಂದರೆ 30 ಯೂನಿಟ್ ಓದಿ ಆರ್‌ಎನ್ ಪರೀಕ್ಷೆಗೆ ಕೂರಬಹುದು, ಆದರೆ ಪದವಿ ಸಿಗುವುದಿಲ್ಲ. ಆ ಲೈಸೆನ್ಸನ್ನು ಬೇರೆ ರಾಜ್ಯಗಳು ಒಪ್ಪದಿರುವುದೇ ಹೆಚ್ಚು. ಐಟಿ ಕೆಲಸದ ಮನೆಯವರು ಇವತ್ತು ಇಲ್ಲಿ, ನಾಳೆ ಟೆಕ್ಸಸ್ ಅಥವಾ ನ್ಯೂಜೆರ್ಸಿ. ಆ ದಾರಿ ನಿಮಗೆ ಬೇಡವೇ ಬೇಡ.

ಹಾಗಾದರೆ ಈಗ ಏನು ಮಾಡಬೇಕು? ಬರುವ ಟರ್ಮ್‌ಗೇ ಅನಾಟಮಿಗೆ ಹೆಸರು ಹಚ್ಚಿ. ಆ ಸೀಟುಗಳೇ ಬೇಗ ತುಂಬುತ್ತವೆ. ಅದಕ್ಕೂ ಮುಂಚೆ ಒಂದು ಪ್ರಾಥಮಿಕ ಬಯಾಲಜಿ ಕೇಳಿದರೆ ಅದನ್ನೇ ತೆಗೆದುಕೊಳ್ಳಿ. ಪಾಸಾದರೆ ಸಾಕು ಅನ್ನುವ ಮನೋಭಾವ ಇಲ್ಲಿ ನಡೆಯುವುದಿಲ್ಲ. ನಿಯಮದಲ್ಲಿ ಸಿ ಗ್ರೇಡ್ ಸಾಕು ಅಂತಿರುತ್ತದೆ. ಅಂಕ ನೋಡಿ ಆರಿಸುವ ಕಡೆ ಸೀಟು ಬೇಕಾದರೆ ಅನಾಟಮಿ, ಫಿಸಿಯಾಲಜಿ, ಮೈಕ್ರೊಬಯಾಲಜಿ ಮೂರರಲ್ಲೂ ಎ ಗ್ರೇಡಿಗೇ ಓದಬೇಕು. ಮತ್ತೆ ಮತ್ತೆ ಬರೆದ ವಿಷಯ ಇದ್ದರೆ ಅಂಕ ಕತ್ತರಿಸುವ ಕಾಲೇಜುಗಳಿವೆ. ಆಮೇಲೆ ನರ್ಸಿಂಗ್ ಪ್ರವೇಶಕ್ಕೆ ಬರೆಯುವ ಟೀಸ್ ಪರೀಕ್ಷೆ, ಅದರಲ್ಲಿ ಕಮ್ಯುನಿಟಿ ಕಾಲೇಜುಗಳು ಕೇಳುವ ಕನಿಷ್ಠ 62 ಪರ್ಸೆಂಟ್. ಅದಕ್ಕೂ ಸಾಕಷ್ಟು ಮೇಲೆ ತೆಗೆಯಿರಿ. ಕೆಲವು ಕಾಲೇಜುಗಳು ಅಂಕ ನೋಡಿ ಸೀಟು ಕೊಡುತ್ತವೆ, ಕೆಲವು ಲಾಟರಿ ಎತ್ತುತ್ತವೆ. ಆದ್ದರಿಂದ ಒಂದೇ ಕಡೆ ಅರ್ಜಿ ಹಾಕಿ ಕಾಯಬೇಡಿ. ನಿಮ್ಮ ಸುತ್ತಮುತ್ತಲೇ ಡಿ ಆ್ಯಂಜಾ, ಎವರ್‌ಗ್ರೀನ್ ವ್ಯಾಲಿ, ಓಲೋನಿ, ಶಬೋ, ಕಾಲೇಜ್ ಆಫ್ ಸ್ಯಾನ್ ಮಟೇಯೊ ಇವೆ. ಎಲ್ಲದರ ನಿಯಮ ಓದಿ, ಎಲ್ಲ ಕಡೆ ಹಾಕಿ.

ನಿಮ್ಮ ಬಿಇ ದಂಡವಾಗಲಿಲ್ಲ. ವಿಟಿಯು ಟ್ರಾನ್ಸ್‌ಕ್ರಿಪ್ಟ್ ತರಿಸಿ, ಕಾಲೇಜು ಒಪ್ಪುವ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ. ಎಷ್ಟೋ ಕಡೆ ಸಾಮಾನ್ಯ ವಿಷಯಗಳಲ್ಲಿ ವಿನಾಯಿತಿ ಸಿಗುತ್ತದೆ. ಬಯಾಲಜಿಗೆ ಸಿಗುವುದಿಲ್ಲ. ಊರಿನಿಂದ ಟ್ರಾನ್ಸ್‌ಕ್ರಿಪ್ಟ್ ಬರುವುದಕ್ಕೆ ಎಷ್ಟು ಓಡಾಟ ಅಂತ ನಿಮಗೇ ಗೊತ್ತು, ಇವತ್ತೇ ಶುರು ಮಾಡಿ.

ಇಷ್ಟು ಹೇಳಿದರೂ "ನಮಗೆ ಕಾಯಲು ಆಗೋದೇ ಇಲ್ಲ" ಅನ್ನುವ ಮನೆಗಳಿವೆ. ಗಂಡನಿಗೆ ಕೆಲಸ ಹೋಗಿರಬಹುದು, ಕೈಯಲ್ಲಿ ಗ್ರೀನ್ ಕಾರ್ಡ್ ಇರಬಹುದು, ತಕ್ಷಣ ಸಂಬಳ ಬೇಕಿರಬಹುದು. ಅವರಿಗೆ ಎಲ್‌ವಿಎನ್ ಒಳ್ಳೆಯ ದಾರಿಯೇ. ಆದರೆ ಅದನ್ನು ಖಾಸಗಿಯಲ್ಲೇ ಮಾಡಬೇಕು ಅಂತಿಲ್ಲ. ದೊಡ್ಡವರಿಗೆ ಕಲಿಸುವ ಸರ್ಕಾರಿ ಅಡಲ್ಟ್ ಸ್ಕೂಲುಗಳಲ್ಲಿ, ಕೆಲವು ಕಮ್ಯುನಿಟಿ ಕಾಲೇಜುಗಳಲ್ಲೂ ಎಲ್‌ವಿಎನ್ ಇದೆ. ಕಲಿಯಬೇಕಾದ್ದು ಎಲ್ಲ ಕಡೆಯೂ ಅಷ್ಟೇ. ರಾಜ್ಯದ ನಿಯಮದಂತೆ ಕನಿಷ್ಠ 576 ಗಂಟೆ ಪಾಠ, 954 ಗಂಟೆ ಕ್ಲಿನಿಕಲ್. ಇದಕ್ಕಿಂತ ಕಡಿಮೆಗೆ ಮುಗಿಸಿಕೊಡುತ್ತೇವೆ ಅಂದವರು ಸುಳ್ಳು ಹೇಳುತ್ತಿದ್ದಾರೆ.

ಅಲ್ಲೂ ಸೀಟ್ ಸಿಗದೆ ಖಾಸಗಿಗೇ ಹೋಗಬೇಕಾಗಿ ಬಂದರೆ, ಸಹಿಗೆ ಮುಂಚೆ ಸ್ಕೂಲ್ ಪರ್ಫಾರ್ಮೆನ್ಸ್ ಫ್ಯಾಕ್ಟ್ ಶೀಟ್ ಕೇಳಿ. ಇಂಥ ಸ್ಕೂಲುಗಳು ಅದನ್ನು ಮೊದಲೇ ಕೊಡಬೇಕು ಅಂತ ಕಾನೂನಿದೆ. ಅದರಲ್ಲಿ ಪ್ರತಿ ಕೋಷ್ಟಕದ ಕೆಳಗೂ ನಿಮ್ಮ ಇನಿಷಿಯಲ್ ಹಾಕಿಸಿಕೊಳ್ಳುತ್ತಾರೆ. ನಮ್ಮವರು ಬ್ಯಾಂಕಿನ ಫಾರಂ ತುಂಬಿದ ಹಾಗೆ ಪಟಪಟ ಅಂತ ಹಾಕಿಬಿಡುತ್ತಾರೆ. ನಿಲ್ಲಿಸಿ, ಓದಿ. ಮೊದಲ ಕೋಷ್ಟಕದಲ್ಲಿ ಕೋರ್ಸ್ ಶುರು ಮಾಡಿದವರು ಎಷ್ಟು, ಸರಿಯಾದ ಸಮಯಕ್ಕೆ ಮುಗಿಸಿದವರು ಎಷ್ಟು ಅಂತ ಇರುತ್ತದೆ. ಮುಂದೆ ಪರೀಕ್ಷೆ ಬರೆದವರು, ಪಾಸಾದವರು. 40 ಜನ ಶುರು ಮಾಡಿ, 16 ಜನ ಮುಗಿಸಿ, 15 ಜನ ಪರೀಕ್ಷೆ ಬರೆದು, 14 ಜನ ಪಾಸಾದರು ಅಂದುಕೊಳ್ಳಿ. ಸ್ಕೂಲಿನವರು ಜಾಹೀರಾತಿನಲ್ಲಿ 93 ಪರ್ಸೆಂಟ್ ಪಾಸ್ ಅಂತ ಬರೆಯುತ್ತಾರೆ. ಫೀಸ್ ಕಟ್ಟಿದ 40 ಜನರಲ್ಲಿ 26 ಜನ ಎಲ್ಲಿ ಹೋದರು ಅಂತ ಯಾರೂ ಕೇಳುವುದಿಲ್ಲ. ಕೆಲವು ಸ್ಕೂಲುಗಳು ತಮ್ಮದೇ ಎಕ್ಸಿಟ್ ಪರೀಕ್ಷೆ ಇಟ್ಟು, ಅದರಲ್ಲಿ ಪಾಸಾಗದವರ ಹೆಸರನ್ನು ಮುಂದಕ್ಕೆ ಕಳಿಸುವುದೇ ಇಲ್ಲ. ಎಲ್ಲ ಮುಗಿಸಿ, ಫೀಸ್ ಕಟ್ಟಿ, ಪರೀಕ್ಷೆಗೂ ಕೂರಲಾಗದೆ ತಲೆ ಮೇಲೆ ಕೈ ಹೊತ್ತು ಕೂತ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಸಹಿ ಹಾಕಿಬಿಟ್ಟಿದ್ದೀರಾ? ಮೊದಲ ತರಗತಿಯ ದಿನ ಅಥವಾ ಸಹಿ ಹಾಕಿದ ಏಳನೇ ದಿನ, ಯಾವುದು ತಡವೋ ಅಲ್ಲಿಯವರೆಗೆ ರದ್ದು ಮಾಡುವ ಹಕ್ಕು ನಿಮಗಿದೆ. ಬರವಣಿಗೆಯಲ್ಲೇ ಕೊಡಿ. ಕ್ಲಿನಿಕಲ್ ಎಲ್ಲಿ, ಯಾವ ಆಸ್ಪತ್ರೆ ಜೊತೆ ಒಪ್ಪಂದ ಇದೆ ಅಂತಲೂ ಕೇಳಿ. ದೊಡ್ಡ ಹೆಸರು ನೋಡಿ ಮರುಳಾಗಬೇಡಿ. 2015ರಲ್ಲಿ ಕೊರಿಂಥಿಯನ್, 2016ರಲ್ಲಿ ಐಟಿಟಿ ಟೆಕ್, ಈ ಎರಡು ಖಾಸಗಿ ಸಂಸ್ಥೆಗಳಿಗೂ ಅಮೆರಿಕದ ತುಂಬ ಕ್ಯಾಂಪಸ್ ಇದ್ದವು. ದಿಢೀರನೆ ಬಾಗಿಲು ಹಾಕಿದಾಗ ಸಾವಿರಾರು ವಿದ್ಯಾರ್ಥಿಗಳು ನಡುನೀರಿನಲ್ಲಿ ಉಳಿದರು.

ಪ್ರಶ್ನೆ: ರಾಜೀವ್ ಗಾಂಧಿ ಆರೋಗ್ಯ ವಿವಿಯಿಂದ ಬಿಎಸ್‌ಸಿ ನರ್ಸಿಂಗ್ ಮಾಡಿದ್ದೇನೆ. ಇಲ್ಲಿ ಮೊದಲು ಎಲ್‌ವಿಎನ್ ಕೋರ್ಸ್ ಮಾಡಬೇಕು ಅಂತ ಏಜೆಂಟ್ ಹೇಳುತ್ತಾರೆ.

ಆ ಏಜೆಂಟ್ ಸಹವಾಸ ಇವತ್ತೇ ಬಿಡಿ. ನೀವು ಆಗಲೇ ನರ್ಸ್. ಕ್ಯಾಲಿಫೋರ್ನಿಯಾ ಬೋರ್ಡ್ ಆಫ್ ರಿಜಿಸ್ಟರ್ಡ್ ನರ್ಸಿಂಗ್‌ಗೆ ವಿದೇಶದಲ್ಲಿ ಓದಿದವರ ಅರ್ಜಿ ಹಾಕಿ, ನೇರವಾಗಿ ಆರ್‌ಎನ್ ಪರೀಕ್ಷೆಗೆ ಅನುಮತಿ ಕೇಳಿ. ಟ್ರಾನ್ಸ್‌ಕ್ರಿಪ್ಟ್ ನಿಮ್ಮ ಕೈಯಿಂದ ಹೋದರೆ ಆಗದು, ಓದಿದ ಸಂಸ್ಥೆಯಿಂದಲೇ ಹೋಗಬೇಕು. ಯಾವುದಾದರೂ ವಿಷಯದಲ್ಲಿ ಕೊರತೆ ಇದೆ ಅಂತ ಬೋರ್ಡ್ ಬರೆದರೆ ಅದೊಂದನ್ನು ಓದಿದರೆ ಸಾಕು. ಎಲ್ಲವನ್ನೂ ಮೊದಲಿಂದ ಓದಿ ಅಂತ ದುಡ್ಡು ಕೀಳುವವರು ಕಳ್ಳರು.

ಪ್ರಶ್ನೆ: ತರಗತಿಗೆ ಹೋಗದೆ ಡಿಪ್ಲೊಮಾ ಕೊಡಿಸುತ್ತೇವೆ ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದೆ. ಪರೀಕ್ಷೆ ಹೇಗೂ ನಾವೇ ಬರೆಯುತ್ತೇವಲ್ಲ?

ಹೀಗೆ ಕೇಳುವವರನ್ನು ನನ್ನ ಅಮ್ಮನ ಹಾಸಿಗೆ ಹತ್ತಿರ ನಾನು ಬಿಡುವುದಿಲ್ಲ. 2023ರ ಜನವರಿಯಲ್ಲಿ ಅಮೆರಿಕದ ಸರ್ಕಾರ ಆಪರೇಷನ್ ನೈಟಿಂಗೇಲ್ ಅನ್ನುವ ಕೇಸನ್ನು ಬಯಲಿಗೆ ತಂದಿತು. ಫ್ಲಾರಿಡಾದ ಮೂರು ಸ್ಕೂಲುಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಾಟ ಆಗಿದ್ದವು. 25 ಜನರ ಮೇಲೆ ಕೇಸ್ ಬಿತ್ತು. ಕೊಂಡವರಲ್ಲಿ ಸುಮಾರು 2,400 ಜನ ಪರೀಕ್ಷೆ ಪಾಸ್ ಮಾಡಿಯೂ ಇದ್ದರು. ಆಮೇಲೆ ರಾಜ್ಯ ರಾಜ್ಯಗಳ ಬೋರ್ಡುಗಳು ಅಂಥವರನ್ನು ಹುಡುಕಿ ಲೈಸೆನ್ಸ್ ಕಿತ್ತುಕೊಂಡವು. ವೀಸಾದ ಮೇಲೆ ಇರುವವರು ಇದರ ಹತ್ತಿರವೂ ಸುಳಿಯಬೇಡಿ.

ಪ್ರಶ್ನೆ: ಪೂರ್ತಿ ಆನ್‌ಲೈನ್‌ನಲ್ಲಿ ಓದಿ ಆರ್‌ಎನ್ ಆಗಬಹುದಾ?

ಇಲ್ಲ.

ಪ್ರಶ್ನೆ: ಬಿಇ ಓದಿದ ಸೊಸೆ ನರ್ಸ್ ಆಗೋದಾ ಅಂತ ಅತ್ತೆ ಬೇಜಾರು ಮಾಡಿಕೊಂಡಿದ್ದಾರೆ.

ನೀವು ಓದಿ, ಅವರು ಆಸ್ಪತ್ರೆ ಸೇರಿದ ದಿನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಅಂತ ಅವರಿಗೇ ಅರ್ಥವಾಗುತ್ತದೆ.

ಪ್ರಶ್ನೆ: ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಡಿಗ್ರಿಗೆ ಬೆಲೆ ಇಲ್ಲವಂತೆ, ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ ಪದವಿ) ಇದ್ದರೆ ಮಾತ್ರ ಕೆಲಸವಂತೆ?

ಅರ್ಧ ನಿಜ. ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಕೇಳುವುದು ಜಾಸ್ತಿಯಾಗಿದೆ. ಆದರೆ ಲೈಸೆನ್ಸ್ ಒಂದೇ, ಪರೀಕ್ಷೆ ಒಂದೇ. ಕಮ್ಯುನಿಟಿ ಕಾಲೇಜಿನ ಈ ಪದವಿ 1950ರ ದಶಕದಲ್ಲಿ ನರ್ಸಿಂಗ್ ಶಿಕ್ಷಕಿ ಮಿಲ್ಡ್ರೆಡ್ ಮಾಂಟ್ಯಾಗ್ ಅವರ ಯೋಜನೆಯಿಂದ ಶುರುವಾಗಿದ್ದು, ನಿನ್ನೆ ಮೊನ್ನೆಯದಲ್ಲ. ಆರ್‌ಎನ್ ಆಗಿ, ಕೆಲಸ ಮಾಡುತ್ತಲೇ ಬಿಎಸ್‌ಎನ್ ಮುಗಿಸಿ. ಆ ಭಾಗವನ್ನು ಆನ್‌ಲೈನ್‌ನಲ್ಲಿ ಓದಬಹುದು. ಎಷ್ಟೋ ಆಸ್ಪತ್ರೆಗಳು ಫೀಸಿಗೆ ಸಹಾಯವನ್ನೂ ಮಾಡುತ್ತವೆ.

ಪ್ರಶ್ನೆ: ಮೊದಲು ಸಿಎನ್‌ಎ ಕೋರ್ಸ್ ಕಡ್ಡಾಯವಾ?

ಹೆಚ್ಚಿನ ಕಡೆ ಕಡ್ಡಾಯವಲ್ಲ. ಆದರೂ ಮಾಡಿ ಅಂತಲೇ ಹೇಳುತ್ತೇನೆ. ಸಿಎನ್‌ಎ ಅಂದರೆ ನರ್ಸಿಂಗ್ ಅಸಿಸ್ಟೆಂಟ್. ಕ್ಯಾಲಿಫೋರ್ನಿಯಾದಲ್ಲಿ 60 ಗಂಟೆ ಪಾಠ, 100 ಗಂಟೆ ಕ್ಲಿನಿಕಲ್. ಅಡಲ್ಟ್ ಸ್ಕೂಲಿನಲ್ಲಿ ಕಡಿಮೆ ಖರ್ಚಿಗೆ ಮುಗಿಯುತ್ತದೆ. ಬೆಳಗ್ಗೆ ಆರೂವರೆಗೆ ನರ್ಸಿಂಗ್ ಹೋಮ್ ಸೇರಬೇಕು. ಮೈ ಒರೆಸಬೇಕು, ಡಯಾಪರ್ ಬದಲಿಸಬೇಕು, ಮಗ್ಗುಲು ತಿರುಗಿಸಬೇಕು, ಊಟ ತಿನ್ನಿಸಬೇಕು. ಎರಡನೇ ದಿನವೇ ಬಿಟ್ಟು ಹೋದವರೂ ಇದ್ದಾರೆ, ಅವರಿಗೆ ಹೋಗಿದ್ದು ಕೆಲವು ನೂರು ಡಾಲರ್ ಅಷ್ಟೇ. ಬೇಸಿಗೆ ಬ್ಯಾಚುಗಳಿಗೆ ಹೆಸರು ಹಚ್ಚುವ ದಿನ ಊರೂರಿಗೆ ಬೇರೆ, ನಿಮ್ಮ ಶಾಲಾ ಜಿಲ್ಲೆಯ ಅಡಲ್ಟ್ ಸ್ಕೂಲಿಗೆ ಈ ವಾರವೇ ಫೋನ್ ಮಾಡಿ.